ನಾವಿರುವುದು ಒಂದು ಪೊರೆಯ ಮೇಲಾ? ಬ್ರೇನ್ ಮಾದರಿಗಳು ವಿಶ್ವದ ಕಥೆಯನ್ನು ಎಲ್ಲೆಲ್ಲಿ ತಿದ್ದುತ್ತವೆ

ಪ್ರಶ್ನೆ: ನಮ್ಮ ವಿಶ್ವ ಹೆಚ್ಚಿನ ಆಯಾಮವೊಂದರೊಳಗೆ ತೇಲುವ ಪೊರೆ, ಇಂಥ ಎರಡು ಪೊರೆಗಳು ಡಿಕ್ಕಿ ಹೊಡೆದಾಗಲೇ ಬಿಗ್ ಬ್ಯಾಂಗ್ ಆಯಿತು ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಇದು ವಿಜ್ಞಾನವೇ, ಸುಮ್ನೆ ಕಲ್ಪನೆಯೇ? ಇನ್ನೊಂದು ಆಯಾಮ ಇದ್ದರೆ ನಮಗೇಕೆ ಕಾಣುವುದಿಲ್ಲ? ವಿಶ್ವ ಹಿಗ್ಗುತ್ತಿರುವುದು ಅದರೊಳಕ್ಕೇನಾ? ಇದೆಲ್ಲ ಸಾಬೀತಾದರೆ ಬಿಗ್ ಬ್ಯಾಂಗ್ ಸಿದ್ಧಾಂತ ಬಿದ್ದುಹೋಗುತ್ತದಾ?

ಉತ್ತರ: ವಿಜ್ಞಾನವೇ, ಆದರೆ ನೀವು ನೋಡಿದ ವಿಡಿಯೊ ಹೇಳಿದಷ್ಟು ಸಲೀಸಲ್ಲ. ಬ್ರೇನ್ ಎಂದರೆ ಇಲ್ಲಿ ಮಿದುಳಲ್ಲ, ಪೊರೆ ಎಂಬರ್ಥದ ಮೆಂಬ್ರೇನ್‌ನ ಮೊಟಕು ರೂಪ. ಬ್ರೇನ್ ಮಾದರಿ ಎಂದು ಒಂದೇ ಒಂದು ಮಾದರಿ ಇಲ್ಲ, ಒಂದು ಗುಂಪೇ ಇದೆ. ಅವು ವಿಶ್ವದ ಚರಿತ್ರೆಯಲ್ಲಿ ಕೈಹಾಕುವ ಜಾಗಗಳೂ ಬೇರೆ ಬೇರೆ. ಒಂದು ಮಾದರಿ ಬಿಗ್ ಬ್ಯಾಂಗ್ ಆದ ಮರುಗಳಿಗೆಯನ್ನು ಮಾತ್ರ ತಿದ್ದುತ್ತದೆ. ಇನ್ನೊಂದು ಆ ಗಳಿಗೆಯನ್ನು ಮುಟ್ಟದೆ, ಈಚಿನ ಕೆಲವು ನೂರು ಕೋಟಿ ವರ್ಷಗಳ ಕಥೆಯನ್ನು ಬದಲಿಸುತ್ತದೆ. ಮತ್ತೊಂದು ಬಿಗ್ ಬ್ಯಾಂಗ್‌ಗೂ ಮುಂಚೆ ಏನಿತ್ತು ಎಂದು ಹೇಳಲು ಹೊರಡುತ್ತದೆ. ಡಿಕ್ಕಿಯ ಕಥೆ ಈ ಮೂರನೆಯದಕ್ಕೆ ಸೇರಿದ್ದು. ಎಲ್ಲವನ್ನೂ ಒಟ್ಟಿಗೆ ಹಿಡಿದು 'ನಿಜವಾ?' ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದೊಂದನ್ನೂ ಬೇರೆಯಾಗಿ ಕೇಳಬೇಕು. ಕೆಲವಕ್ಕೆ 'ಇಲ್ಲ' ಎಂಬ ಉತ್ತರ ಈಗಾಗಲೇ ಬಂದಾಗಿದೆ.

ಮೊದಲು ಕಾಣದ ಆಯಾಮದ ವಿಚಾರ. ಉದ್ದ, ಅಗಲ, ಎತ್ತರ ನಮಗೆ ಗೊತ್ತು. ಕಾಲವನ್ನೂ ಸೇರಿಸಿದರೆ ನಾಲ್ಕು. ಹಾಗಾಗಿ ಇನ್ನೊಂದು ದಿಕ್ಕು ಇದ್ದರೆ ಅದನ್ನು ಐದನೇ ಆಯಾಮ ಎಂದು ಕರೆಯುವ ರೂಢಿ. ಅದು ಇದ್ದರೂ ಕಣ್ಣಿಗೆ ಕಾಣಬೇಕಿಲ್ಲ. ಆದರೆ ಗುರುತ್ವಕ್ಕಂತೂ ಗೊತ್ತಾಗಬೇಕು. ಹೇಗೆ ಅಂತೀರಾ? ಸೂರ್ಯನ ಸೆಳೆತ ಸುತ್ತಲೂ ಒಂದು ಗೋಳದ ಹಾಗೆ ಹರಡುತ್ತದೆ. ದೂರ ಎರಡು ಪಟ್ಟಾದರೆ ಗೋಳದ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ, ಸೆಳೆತ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ನ್ಯೂಟನ್ನನ ನಿಯಮ ಇದೇ. ಹರಡಲು ಇನ್ನೂ ಒಂದು ದಿಕ್ಕು ಇದ್ದಿದ್ದರೆ ಅದೇ ದೂರಕ್ಕೆ ಸೆಳೆತ ಎಂಟರಲ್ಲೊಂದು ಪಾಲಿಗೆ ಇಳಿಯುತ್ತಿತ್ತು. ಆಗ ಗ್ರಹಗಳ ಕಕ್ಷೆ ನಿಲ್ಲುವುದೇ ಇಲ್ಲ: ಸ್ವಲ್ಪ ತಳ್ಳಿದರೆ ಸೂರ್ಯನೊಳಕ್ಕೆ ಬೀಳುತ್ತವೆ, ಇಲ್ಲವೇ ದೂರ ಹೊರಟುಹೋಗುತ್ತವೆ. ಪಾಲ್ ಎಹ್ರೆನ್‌ಫೆಸ್ಟ್ 1917ರಲ್ಲೇ ಇದನ್ನು ಲೆಕ್ಕ ಮಾಡಿ ತೋರಿಸಿದ್ದರು. ಭೂಮಿ ಇಷ್ಟು ಕಾಲದಿಂದ ಸೂರ್ಯನ ಸುತ್ತ ನೆಟ್ಟಗೆ ಸುತ್ತುತ್ತಿದೆ. ಅಂದರೆ ಇನ್ನೊಂದು ಆಯಾಮ ಇದ್ದರೂ ಅದು ಹೇಗೋ ಅಡಗಿರಲೇಬೇಕು.

ಅಡಗಿಸುವ ಹಳೆಯ ದಾರಿ ಅದನ್ನು ಸುರುಳಿ ಸುತ್ತಿ ಚಿಕ್ಕದು ಮಾಡುವುದು. ಥಿಯೊಡೋರ್ ಕಲೂಜಾ 1919ರಲ್ಲಿ ಐದು ಆಯಾಮದ ಲೆಕ್ಕವೊಂದನ್ನು ಐನ್‌ಸ್ಟೈನ್‌ಗೆ ಕಳಿಸಿದರು. ಅದು 1921ರಲ್ಲಿ ಪ್ರಕಟವಾಯಿತು. ಐದು ಆಯಾಮದಲ್ಲಿ ಗುರುತ್ವವನ್ನಷ್ಟೇ ಬರೆದರೂ, ನಾಲ್ಕು ಆಯಾಮದಿಂದ ನೋಡಿದಾಗ ಅದರೊಳಗಿಂದ ವಿದ್ಯುತ್ಕಾಂತತೆಯ ಸಮೀಕರಣಗಳು ತಾವೇ ಹೊರಬರುತ್ತವೆ ಎಂಬುದು ಅವರ ಕಾಣ್ಕೆ. 1926ರಲ್ಲಿ ಆಸ್ಕರ್ ಕ್ಲೈನ್ ಆ ಆಯಾಮ ಯಾವ ಉಪಕರಣಕ್ಕೂ ಎಟುಕದಷ್ಟು ಸಣ್ಣ ಸುರುಳಿಯಾಗಿದೆ ಎಂದರು. ಕಣಗಳೆಲ್ಲ ಮೂಲದಲ್ಲಿ ಕಂಪಿಸುವ ಪುಟ್ಟ ಎಳೆಗಳು ಎನ್ನುವ ಸ್ಟ್ರಿಂಗ್ ಸಿದ್ಧಾಂತ ಮುಂದೆ ಹತ್ತು, ಹನ್ನೊಂದು ಆಯಾಮಗಳನ್ನು ಕೇಳಿದಾಗಲೂ ಎಲ್ಲರೂ ಬಳಸಿದ್ದು ಇದೇ ಉಪಾಯವನ್ನು. ತಪ್ಪೇನಿಲ್ಲ. ಆದರೆ ಪರೀಕ್ಷೆ ಮಾಡುವ ಆಸೆಯನ್ನೇ ಬಿಡಬೇಕಾಗುತ್ತದೆ.

ಇನ್ನೊಂದು ದಾರಿಯೇ ಬ್ರೇನ್. ಆಯಾಮ ಸಣ್ಣದಲ್ಲ, ನಾವೇ ಅದರೊಳಕ್ಕೆ ಹೋಗಲಾರೆವು ಎನ್ನುವುದು. ಕೆರೆಯ ನೀರ ಮೇಲೆ ಓಡಾಡುವ ಹುಳುವನ್ನು ನೆನೆಸಿಕೊಳ್ಳಿ. ಅದರ ಓಡಾಟ, ಊಟ, ಜಗಳ ಎಲ್ಲ ಮೇಲ್ಮೈಯಲ್ಲೇ. ಕೆಳಗೆ ಆಳವಿದ್ದರೂ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ನೀರಿಗೆ ಏನಾದರೂ ಬಿದ್ದರೆ ಸದ್ದು ಆಳಕ್ಕೂ ಹೋಗುತ್ತದೆ. ನಮ್ಮ ಪಾಡೂ ಹಾಗೆಯೇ ಇರಬಹುದು: ಎಲೆಕ್ಟ್ರಾನ್, ಕ್ವಾರ್ಕ್, ಬೆಳಕು ಎಲ್ಲವೂ ಮೂರು ದಿಕ್ಕಿನ ಒಂದು ಪೊರೆಗೆ, ಅಂದರೆ ಬ್ರೇನ್‌ಗೆ, ಅಂಟಿಕೊಂಡಿವೆ. ಗುರುತ್ವ ಮಾತ್ರ ಸುತ್ತಲಿನ ದೊಡ್ಡ ಜಾಗಕ್ಕೂ ಹರಡುತ್ತದೆ. ಆ ಜಾಗಕ್ಕೆ ಬಲ್ಕ್ ಎಂದು ಹೆಸರು. ನಾವು ನೋಡುವುದು ಬೆಳಕಿನಿಂದ, ಬೆಳಕು ಪೊರೆ ಬಿಟ್ಟು ಹೋಗುವುದಿಲ್ಲ. ಹಾಗಾಗಿ ಇನ್ನೊಂದು ಆಯಾಮ ಕಾಣುವುದಿಲ್ಲ. ನಿಮ್ಮ ಪ್ರಶ್ನೆಗೆ ಬ್ರೇನ್ ಪಂಗಡದವರ ಉತ್ತರ ಇಷ್ಟೇ.

ಇದು ಅನುಕೂಲಕ್ಕೆ ಕಟ್ಟಿದ ಕಥೆ ಅನ್ನಿಸಬಹುದು. 1982ರಲ್ಲಿ ಕೆ. ಅಕಾಮ, 1983ರಲ್ಲಿ ವಲೇರಿ ರುಬಕೋವ್ ಮತ್ತು ಮಿಖಾಯಿಲ್ ಶಪೋಷ್ನಿಕೋವ್ ಇಂಥದ್ದನ್ನು ಬರೆದಾಗ ಬಹಳ ಜನ ಹಾಗೇ ಅಂದುಕೊಂಡಿರಬೇಕು. ಆಮೇಲೆ 1995ರಲ್ಲಿ ಜೋಸೆಫ್ ಪೋಲ್ಚಿನ್ಸ್ಕಿ ಸ್ಟ್ರಿಂಗ್ ಸಿದ್ಧಾಂತದೊಳಗೆ ಡಿ-ಬ್ರೇನ್ ಎಂಬ ಪೊರೆಗಳ ಪಾತ್ರ ಎಷ್ಟು ದೊಡ್ಡದು ಎಂದು ತೋರಿಸಿದರು. ಅಲ್ಲಿ ಅಂಟಿಕೊಳ್ಳುವುದಕ್ಕೆ ಕಾರಣವೇ ಸಿಗುತ್ತದೆ. ಬೆಳಕಿನಂಥ ಕಣಗಳು ಎರಡು ತುದಿ ಇರುವ ಸ್ಟ್ರಿಂಗ್‌ಗಳು, ಆ ತುದಿಗಳು ಬ್ರೇನ್ ಮೇಲೇ ನಿಲ್ಲಬೇಕು. ಗುರುತ್ವವನ್ನು ಹೊತ್ತ ಗ್ರಾವಿಟಾನ್ ಬಳೆಯಂತೆ ಮುಚ್ಚಿದ ಸ್ಟ್ರಿಂಗ್. ಅದಕ್ಕೆ ತುದಿಯೇ ಇಲ್ಲ, ಅಂಟುವುದಕ್ಕೆ ಏನೂ ಇಲ್ಲ.

ಇಲ್ಲಿಂದ 1998ಕ್ಕೆ ಬನ್ನಿ. ನೀಮಾ ಅರ್ಕಾನಿ-ಹಮೆದ್, ಸಾವಾಸ್ ಡಿಮೋಪೌಲೋಸ್, ಗಿಯಾ ದ್ವಾಲಿ ಎಂಬ ಮೂವರು ಒಂದು ಧೈರ್ಯದ ಮಾತು ಹೇಳಿದರು. ಎರಡು ಪ್ರೋಟಾನ್‌ಗಳ ನಡುವಿನ ವಿದ್ಯುತ್ ಬಲಕ್ಕೆ ಹೋಲಿಸಿದರೆ ಗುರುತ್ವ 1ರ ಮುಂದೆ 36 ಸೊನ್ನೆ ಬರೆದಷ್ಟು ಪಟ್ಟು ದುರ್ಬಲ. ಯಾಕಿಷ್ಟು? ಗುರುತ್ವ ಹುಟ್ಟಾ ದುರ್ಬಲ ಅಲ್ಲ, ಅದರ ಬಹುಪಾಲು ಬಲ್ಕ್‌ಗೆ ಹರಡಿಹೋಗಿ ನಮಗೆ ಉಳಿದದ್ದು ಚೂರು ಅಷ್ಟೇ ಎಂದರು ಅವರು. ಹೆಚ್ಚುವರಿ ಆಯಾಮ ಎಷ್ಟು ದೊಡ್ಡದಿರಬೇಕು ಎಂದೂ ಲೆಕ್ಕ ಹಾಕಿದರು. ಒಂದೇ ಆಯಾಮ ಆದರೆ ಅದು ಭೂಮಿಗೂ ಸೂರ್ಯನಿಗೂ ಇರುವ ದೂರದ ಆಸುಪಾಸಿನಲ್ಲಿರಬೇಕು. ಗ್ರಹಗಳ ಕಕ್ಷೆ ನೋಡಿದರೆ ಇದು ಆಗದ ಮಾತು. ಎರಡಾದರೆ? ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ. ಇಲ್ಲಿ ಎಲ್ಲರೂ ಬೆಚ್ಚಿಬಿದ್ದರು. ಯಾಕೆಂದರೆ ಆಗ ಮಿಲಿಮೀಟರಿಗಿಂತ ಕಡಿಮೆ ದೂರದಲ್ಲಿ ಗುರುತ್ವವನ್ನು ಯಾರೂ ಸರಿಯಾಗಿ ಅಳೆದೇ ಇರಲಿಲ್ಲ. ಗೆಲಾಕ್ಸಿಗಳ ಬಗ್ಗೆ ಮಾತಾಡುತ್ತಿದ್ದ ನಮಗೆ ಒಂದು ಮರಳ ಕಣದಷ್ಟು ದೂರದಲ್ಲಿ ನ್ಯೂಟನ್ ನಿಯಮ ನಡೆಯುತ್ತದೋ ಇಲ್ಲವೋ ಎಂಬುದೇ ತಿಳಿದಿರಲಿಲ್ಲ.

ಅದನ್ನು ಅಳೆಯಲು ಕುಳಿತವರಲ್ಲಿ ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಏಟ್-ವಾಶ್ ಗುಂಪು ದೊಡ್ಡ ಹೆಸರು. ಅವರ ಉಪಕರಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ನನಗೆ ಬಹಳ ಇಷ್ಟವಾದ ಪ್ರಯೋಗ ಇದು. ಕೂದಲಿಗಿಂತ ತೆಳುವಾದ ಟಂಗ್‌ಸ್ಟನ್ ಎಳೆಯಿಂದ ಒಂದು ಉಂಗುರ ತೂಗುತ್ತಿರುತ್ತದೆ. 2007ರಲ್ಲಿ ಫಲಿತಾಂಶ ಕೊಟ್ಟ ಪ್ರಯೋಗದಲ್ಲಿ ಅದು ಸುಮಾರು 1 ಮಿಲಿಮೀಟರ್ ದಪ್ಪದ ಮಾಲಿಬ್ಡಿನಂ ಉಂಗುರ, ಅದರಲ್ಲಿ ಎರಡು ಸಾಲಾಗಿ ಕೊರೆದ 42 ತೂತುಗಳು. ಅದರ ಕೆಳಗೆ ಅಂಥದೇ ತೂತುಗಳಿರುವ ತಟ್ಟೆ ನಿಧಾನವಾಗಿ ತಿರುಗುತ್ತದೆ. ಕೆಳಗಿನ ತೂತುಗಳು ಮೇಲಿನ ತೂತುಗಳ ಕೆಳಗೆ ಬಂದು ಹೋದಂತೆಲ್ಲ ಸೆಳೆತ ಸ್ವಲ್ಪ ಏರುಪೇರಾಗಿ ಉಂಗುರ ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಅಳೆಯುವುದು. ಇದರಲ್ಲೂ ಒಂದು ಜಾಣತನ ಇದೆ. ತಿರುಗುವ ತಟ್ಟೆಯ ಅಡಿಗೆ ಇನ್ನೊಂದು ದಪ್ಪ ತಟ್ಟೆ, ಅದರ ತೂತುಗಳನ್ನು ಬೇಕೆಂದೇ ಸರಿಸಿ ಕೊರೆದಿದ್ದಾರೆ. ನ್ಯೂಟನ್ ನಿಯಮ ಸರಿಯಾಗಿದ್ದರೆ ಎರಡು ತಟ್ಟೆಗಳ ಸೆಳೆತ ಒಂದನ್ನೊಂದು ಹೆಚ್ಚುಕಡಿಮೆ ಹೊಡೆದುಹಾಕುತ್ತದೆ. ನಿಯಮ ಸಣ್ಣ ದೂರದಲ್ಲಿ ಕೆಟ್ಟರೆ ಆ ಹೊಂದಾಣಿಕೆ ತಪ್ಪುತ್ತದೆ. ಉಂಗುರಕ್ಕೂ ತಟ್ಟೆಗೂ ನಡುವೆ ಬಿಗಿಯಾಗಿ ಎಳೆದು ಕಟ್ಟಿದ 10 ಮೈಕ್ರೊಮೀಟರಿನ ಲೋಹದ ಹಾಳೆ, ವಿದ್ಯುತ್ ಬಲ ಮಧ್ಯೆ ಬಂದು ತೊಂದರೆ ಕೊಡದಿರಲೆಂದು. ಇಷ್ಟೆಲ್ಲ ಮಾಡಿ ಎರಡನ್ನೂ 55 ಮೈಕ್ರೊಮೀಟರ್ ಹತ್ತಿರಕ್ಕೆ ತಂದರು. ಅಂದರೆ ಒಂದು ಮಿಲಿಮೀಟರಿನ ಹದಿನೆಂಟರಲ್ಲೊಂದು ಪಾಲು.

ಏನೂ ಸಿಗಲಿಲ್ಲ. ನ್ಯೂಟನ್ ನೆಟ್ಟಗೆ ನಿಂತ. ಸುರುಳಿ ಸುತ್ತಿದ ಆಯಾಮ ಇದ್ದರೆ ಅದರ ತ್ರಿಜ್ಯ 44 ಮೈಕ್ರೊಮೀಟರಿಗಿಂತ ಕಡಿಮೆಯೇ ಇರಬೇಕು ಎಂದಾಯಿತು. 2020ರಲ್ಲಿ ಅದೇ ಗುಂಪು ಈ ಮಿತಿಯನ್ನು 30 ಮೈಕ್ರೊಮೀಟರಿಗೆ ಇಳಿಸಿತು.

ಆಕಾಶದಿಂದ ಬಂದ ಏಟು ಇನ್ನೂ ಜೋರಾಗಿತ್ತು. 1987ರ ಫೆಬ್ರವರಿಯಲ್ಲಿ ಪಕ್ಕದ ಗೆಲಾಕ್ಸಿಯೊಂದರಲ್ಲಿ ಸಿಡಿದ ಸೂಪರ್‌ನೋವಾದ ನ್ಯೂಟ್ರಿನೊಗಳು, ಅಂದರೆ ಎಲ್ಲವನ್ನೂ ತೂರಿಹೋಗುವ ಹಗುರ ಕಣಗಳು, ಭೂಮಿಯ ಪತ್ತೆಯಂತ್ರಗಳಲ್ಲಿ ಸುಮಾರು ಹತ್ತು ಸೆಕೆಂಡಿನ ಕಾಲ ದಾಖಲಾದವು. ಗ್ರಾವಿಟಾನ್‌ಗಳು ಶಕ್ತಿಯನ್ನು ಹೊತ್ತು ಬಲ್ಕ್‌ಗೆ ಸೋರಿಹೋಗಿದ್ದರೆ ನಕ್ಷತ್ರದ ಒಡಲು ಬೇಗ ತಣಿದು, ನ್ಯೂಟ್ರಿನೊಗಳು ಅಷ್ಟು ಹೊತ್ತು ಬರುತ್ತಿರಲಿಲ್ಲ. ಎರಡು ದೊಡ್ಡ ಆಯಾಮಗಳ ಮೂಲ ಮಾದರಿಗೆ ಇದು ಬಹಳ ಬಿಗಿಯಾದ ಕಟ್ಟು. ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ದೊಡ್ಡ ಕೊಲೈಡರ್ ಕೂಡ ಬಲ್ಕ್‌ಗೆ ಕಳೆದುಹೋಗುವ ಶಕ್ತಿಯನ್ನು ಹುಡುಕಿತು, ಪುಟಾಣಿ ಕಪ್ಪುಕುಳಿಗಳನ್ನೂ ಹುಡುಕಿತು. ಎರಡೂ ಸಿಗಲಿಲ್ಲ.

ಇಷ್ಟು ಹೊತ್ತು ಆಯಾಮದ ಅಳತೆಯ ವಿಚಾರವಾಯಿತು. ನೀವು ಕೇಳಿದ್ದು ವಿಶ್ವದ ಬೆಳವಣಿಗೆಯ ಬಗ್ಗೆ. ಅದಕ್ಕೆ ಲಿಸಾ ರಾಂಡಲ್ ಮತ್ತು ರಾಮನ್ ಸುಂದ್ರಮ್ 1999ರಲ್ಲಿ ಬರೆದ ಎರಡು ಲೇಖನಗಳಿಗೆ ಹೋಗಬೇಕು. ಮೊದಲನೆಯದರಲ್ಲಿ ಎರಡು ಬ್ರೇನ್‌ಗಳು, ನಡುವೆ ಬಲವಾಗಿ ಬಾಗಿದ ಬಲ್ಕ್. ಈ ಬಾಗು ಎಷ್ಟು ಜೋರು ಎಂದರೆ, ನಡುವಿನ ದೂರ ಬಾಗಿನ ಅಳತೆಯ (ಎಷ್ಟು ದೂರದಲ್ಲಿ ಬಾಗು ಎದ್ದುಕಾಣುತ್ತದೋ ಆ ಉದ್ದದ) 35 ಪಟ್ಟು ಇದ್ದರೆ ಸಾಕು, ಒಂದು ಕಡೆಯ ಶಕ್ತಿ ಇನ್ನೊಂದು ಕಡೆಗೆ ಬರುವಷ್ಟರಲ್ಲಿ 1ರ ಮುಂದೆ 15 ಸೊನ್ನೆಯಷ್ಟು ಪಟ್ಟು ಕುಗ್ಗಿರುತ್ತದೆ. ಎರಡನೆಯ ಲೇಖನ ನನಗೆ ಇನ್ನೂ ಸೊಗಸು. ಅದರಲ್ಲಿ ಒಂದೇ ಬ್ರೇನ್, ಐದನೇ ಆಯಾಮಕ್ಕೆ ಕೊನೆಯೇ ಇಲ್ಲ. ಆದರೂ ಬಲ್ಕ್ ಬಾಗಿರುವುದರಿಂದ ಗುರುತ್ವ ಬ್ರೇನ್ ಹತ್ತಿರವೇ ಹಿಡಿದಿಟ್ಟಂತೆ ಇರುತ್ತದೆ, ದೂರದಿಂದ ನೋಡುವ ನಮಗೆ ನ್ಯೂಟನ್ ನಿಯಮವೇ ಕಾಣುತ್ತದೆ. ಆಯಾಮವನ್ನು ಅಡಗಿಸಲು ಸುರುಳಿ ಸುತ್ತಲೇಬೇಕು ಎಂಬ ಎಪ್ಪತ್ತಕ್ಕೂ ಹೆಚ್ಚು ವರ್ಷದ ನಂಬಿಕೆ ಒಂದೇ ಲೇಖನದಲ್ಲಿ ಹೋಯಿತು.

ಇಂಥ ಬ್ರೇನ್ ಮೇಲೆ ವಿಶ್ವ ಹೇಗೆ ಹಿಗ್ಗುತ್ತದೆ? ನಾವು ದಿನಾ ಬಳಸುವ ಫ್ರೀಡ್‌ಮನ್ ಸಮೀಕರಣದ ಸಾರ ಇಷ್ಟು: ಹಿಗ್ಗುವ ದರದ ವರ್ಗ ದ್ರವ್ಯದ ಸಾಂದ್ರತೆಗೆ ತಕ್ಕಂತೆ. ಸಾಂದ್ರತೆ ನಾಲ್ಕು ಪಟ್ಟಾದರೆ ದರ ಎರಡು ಪಟ್ಟು. 1999ರಲ್ಲೇ ಪಿಯೆರ್ ಬಿನೆಟ್ರುಯಿ, ಸೆಡ್ರಿಕ್ ಡೆಫಾಯೆ, ಡೇವಿಡ್ ಲಾಂಗ್ಲ್ವಾ ಬ್ರೇನ್ ಮೇಲೆ ಇದೇ ಲೆಕ್ಕ ಮಾಡಿದರು. ಬಂದ ಉತ್ತರ ಬೇರೆ. ಅಲ್ಲಿ ದರವೇ ಸಾಂದ್ರತೆಗೆ ತಕ್ಕಂತೆ ಇತ್ತು: ಸಾಂದ್ರತೆ ನಾಲ್ಕು ಪಟ್ಟಾದರೆ ದರವೂ ನಾಲ್ಕು ಪಟ್ಟು. ಇದು ದೊಡ್ಡ ಪೇಚು. ಯಾಕೆಂದರೆ ಬಿಗ್ ಬ್ಯಾಂಗ್ ಆಗಿ ಒಂದು ಸೆಕೆಂಡಿನಿಂದ ಕೆಲವು ನಿಮಿಷಗಳ ತನಕ ಹೀಲಿಯಂನಂಥ ಹಗುರ ಧಾತುಗಳು ಹುಟ್ಟಿದವು, ಮತ್ತು ಆ ಅಡುಗೆಗೆ ಹಿಗ್ಗುವ ವೇಗ ಸರಿಯಾಗಿರಬೇಕು. ಬೇಗ ಹಿಗ್ಗಿದರೆ ನ್ಯೂಟ್ರಾನ್‌ಗಳು ಪ್ರೋಟಾನ್‌ಗಳಾಗಿ ಬದಲಾಗುವ ಮೊದಲೇ ಆಟ ನಿಂತುಹೋಗುತ್ತದೆ. ಜಾಸ್ತಿ ನ್ಯೂಟ್ರಾನ್ ಉಳಿದರೆ ಜಾಸ್ತಿ ಹೀಲಿಯಂ. ವಿಶ್ವದ ಸಾಮಾನ್ಯ ದ್ರವ್ಯದ ತೂಕದಲ್ಲಿ ಕಾಲು ಭಾಗ ಹೀಲಿಯಂ ಎಂದು ನಾವು ಅಳೆದು ನೋಡಿದ್ದೇವೆ, ಅದು ಹಳೆಯ ಸಮೀಕರಣಕ್ಕೇ ಹೊಂದುತ್ತದೆ.

ಪೇಚಿನಿಂದ ಬಿಡಿಸಿದ್ದು ರಾಂಡಲ್–ಸುಂದ್ರಮ್ ಜೋಡಣೆಯೇ. ಬ್ರೇನ್‌ಗೆ ತನ್ನದೇ ಬಿಗಿತ ಇರುತ್ತದೆ, ಖಾಲಿ ಇದ್ದಾಗಲೂ ಅದರೊಳಗೆ ಇರುವ ಶಕ್ತಿ ಅದು. ಬಲ್ಕ್‌ನ ಬಾಗಿಗೆ ಆ ಬಿಗಿತವನ್ನು ಸರಿಹೊಂದಿಸಿದರೆ ಹಳೆಯ ಫ್ರೀಡ್‌ಮನ್ ಸಮೀಕರಣ ವಾಪಸ್ ಬರುತ್ತದೆ, ಜೊತೆಗೆ ಎರಡು ಹೊಸ ಪದಗಳೊಂದಿಗೆ (ಪದ ಎಂದರೆ ಸಮೀಕರಣದಲ್ಲಿ ಕೂಡಿಸುವ ಒಂದು ತುಂಡು). ಒಂದು, ಸಾಂದ್ರತೆಯ ವರ್ಗವನ್ನು ಬಿಗಿತದಿಂದ ಭಾಗಿಸಿದ ಪದ. ಇನ್ನೊಂದು, ಬಲ್ಕ್‌ನ ಗುರುತ್ವದಿಂದ ಬರುವ ಪದ. ಅದು ವಿಕಿರಣದ ಹಾಗೇ ನಡೆದುಕೊಳ್ಳುತ್ತದೆ, ಆದರೆ ಬ್ರೇನ್ ಮೇಲೆ ಯಾವ ಕಣವೂ ಇರುವುದಿಲ್ಲ. ಅದಕ್ಕೆ ಕಪ್ಪು ವಿಕಿರಣ ಎನ್ನುತ್ತಾರೆ.

ಮೊದಲನೇ ಪದವನ್ನೇ ಸ್ವಲ್ಪ ಹಿಂಜಿ ನೋಡಿ, ಇಡೀ ಕಥೆ ಇರುವುದು ಅದರಲ್ಲೇ. ಸಾಂದ್ರತೆ ಬಿಗಿತಕ್ಕಿಂತ ಬಹಳ ಕಡಿಮೆ ಇದ್ದಾಗ ಆ ಪದ ಗಣನೆಗೇ ಬರುವುದಿಲ್ಲ. ಸಾಂದ್ರತೆ ಬಿಗಿತವನ್ನು ಮೀರಿದಾಗ ಅದರದೇ ಕಾರುಬಾರು. ಅಂದರೆ ಅದು ಬಹಳ ಹಿಂದೆ, ವಿಶ್ವ ವಿಪರೀತ ದಟ್ಟವಾಗಿದ್ದಾಗ ಮಾತ್ರ ಆಟವಾಡುತ್ತದೆ. ವಿಕಿರಣವೇ ತುಂಬಿದ್ದ ಕಾಲದಲ್ಲಿ, ಹಳೆಯ ಲೆಕ್ಕದ ಪ್ರಕಾರ, ವಿಶ್ವದ ಅಳತೆ ಎರಡು ಪಟ್ಟಾಗಲು ವಯಸ್ಸು ನಾಲ್ಕು ಪಟ್ಟಾಗಬೇಕು. ಈ ಮೊದಲನೇ ಪದ ಆಳುವಾಗ ಹದಿನಾರು ಪಟ್ಟಾಗಬೇಕು. ಅದೇ ಸಾಂದ್ರತೆಗೆ ಹಿಗ್ಗುವ ದರ ಜಾಸ್ತಿ ಇರುವುದರಿಂದ ಇನ್‌ಫ್ಲೇಷನ್‌ಗೂ, ಅಂದರೆ ವಿಶ್ವ ಮೊದಲ ಕ್ಷಣದಲ್ಲಿ ದಿಢೀರನೆ ಉಬ್ಬಿತು ಎನ್ನುವ ಘಟ್ಟಕ್ಕೂ, ಅನುಕೂಲ. ಇನ್‌ಫ್ಲೇಷನ್ ನಡೆಸುವ ಕ್ಷೇತ್ರಕ್ಕೆ ತಡೆ ಹೆಚ್ಚುತ್ತದೆ, ಕಡಿದಾದ ಇಳಿಜಾರಿನಲ್ಲೂ ಅದು ನಿಧಾನವಾಗಿ ಇಳಿಯುತ್ತದೆ.

ಹಾಗಾದರೆ ಆ ಕಾಲ ಎಂದು ಮುಗಿಯಿತು? ಇಲ್ಲಿ ಸಿಯಾಟಲ್‌ನ ಆ ಉಂಗುರ ಮತ್ತೆ ಬೇಕಾಗುತ್ತದೆ. ಬಿಗಿತವೂ ಬಲ್ಕ್‌ನ ಬಾಗಿನ ಅಳತೆಯೂ ಒಂದಕ್ಕೊಂದು ಗಂಟುಹಾಕಿಕೊಂಡಿವೆ. ಬಾಗಿನ ಅಳತೆ 50 ಮೈಕ್ರೊಮೀಟರ್ ಎಂದು ಉದಾರವಾಗಿಯೇ ಇಟ್ಟುಕೊಳ್ಳಿ. ಆ ಮೊದಲನೇ ಪದದ ಆಳ್ವಿಕೆ ಮುಗಿಯುವುದು ಹೆಚ್ಚುಕಡಿಮೆ ಬೆಳಕು ಆ 50 ಮೈಕ್ರೊಮೀಟರ್ ದಾಟುವಷ್ಟು ಹೊತ್ತಿನಲ್ಲಿ. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರ ಒಂದು ಪಾಲಿಗಿಂತಲೂ ಕಡಿಮೆ. ಹೀಲಿಯಂ ಹುಟ್ಟುವ ಹೊತ್ತಿಗೆ ಆ ಪದದ ಸುಳಿವೇ ಇರುವುದಿಲ್ಲ. ಮೇಜಿನ ಮೇಲಿನ ಉಪಕರಣವೊಂದು ವಿಶ್ವದ ಮೊದಲ ಕ್ಷಣದ ಬಗ್ಗೆ ಇಷ್ಟು ಖಚಿತವಾಗಿ ಮಾತಾಡುವುದು ಬೇರೆಲ್ಲೂ ನನಗೆ ಕಂಡಿಲ್ಲ.

ಕಪ್ಪು ವಿಕಿರಣಕ್ಕೂ ಹಿಡಿತ ಬಿದ್ದಿದೆ. ಅದು ಇದ್ದರೆ ಹೆಚ್ಚುವರಿ ನ್ಯೂಟ್ರಿನೊ ಜಾತಿಗಳಿದ್ದಂತೆ ಕಾಣಬೇಕು. ಹಿನ್ನೆಲೆ ವಿಕಿರಣವನ್ನು, ಅಂದರೆ ಬಿಗ್ ಬ್ಯಾಂಗ್ ನಂತರ ಉಳಿದ ಮಂದ ಬೆಳಕನ್ನು, ಅಳೆದ ಪ್ಲ್ಯಾಂಕ್ ಉಪಗ್ರಹದ 2018ರ ಫಲಿತಾಂಶದಲ್ಲಿ ಆ ಲೆಕ್ಕ 2.99, ಆಚೆ ಈಚೆ 0.17. ಮಾಮೂಲಿ ಸಿದ್ಧಾಂತ ಹೇಳುವುದು 3.04. ಕಪ್ಪು ವಿಕಿರಣಕ್ಕೆ ಉಳಿದಿರುವ ಜಾಗ ಬಹಳ ಕಡಿಮೆ.

ವಿಶ್ವ 'ಎಲ್ಲಿಗೆ' ಹಿಗ್ಗುತ್ತಿದೆ ಎಂಬ ನಿಮ್ಮ ಪ್ರಶ್ನೆಗೂ ಇದೇ ಮಾದರಿ ವಿಚಿತ್ರವಾದ ಉತ್ತರ ಕೊಡುತ್ತದೆ. ಮಾಮೂಲಿ ಸಿದ್ಧಾಂತದಲ್ಲಿ ಅದಕ್ಕೆ ಅರ್ಥವಿಲ್ಲ, ಜಾಗವೇ ಹಿಗ್ಗುತ್ತದೆ, ಹೊರಗೆ ಎಂಬುದೇ ಬೇಡ. ಬ್ರೇನ್ ಮಾದರಿಯಲ್ಲಿ ಬಲ್ಕ್ ತನ್ನಷ್ಟಕ್ಕೆ ಅಲುಗಾಡದೆ ಇರಬಹುದು, ಬ್ರೇನ್ ಅದರೊಳಗೆ ಚಲಿಸುತ್ತಿರುತ್ತದೆ. ಬಲ್ಕ್ ಬಾಗಿರುವುದರಿಂದ ಬ್ರೇನ್ ಒಂದು ಕಡೆಗೆ ಸರಿದಂತೆಲ್ಲ ಅದರ ಮೇಲಿನ ದೂರಗಳೆಲ್ಲ ಉದ್ದವಾಗುತ್ತವೆ. ಒಳಗಿರುವ ನಾವು ಅದನ್ನು ವಿಶ್ವ ಹಿಗ್ಗುತ್ತಿದೆ ಎನ್ನುತ್ತೇವೆ. ಹೊರಗಿನಿಂದ ನೋಡಿದರೆ ಅದು ಬರೀ ಓಡಾಟ. ಎರಡು ಲೆಕ್ಕಗಳೂ ಒಂದೇ ಉತ್ತರ ಕೊಡುತ್ತವೆ. ಹಾಗಾಗಿ 'ಅದರೊಳಕ್ಕೇನಾ?' ಎಂದರೆ, ಅದರೊಳಗೆ ಸರಿಯುತ್ತಿದೆ ಎನ್ನಬಹುದು, ಅದನ್ನು ತುಂಬುತ್ತಾ ಹಿಗ್ಗುತ್ತಿದೆ ಎನ್ನುವಂತಿಲ್ಲ.

ಎರಡನೇ ಗುಂಪಿಗೆ ಬರೋಣ, ಈಚಿನ ಕಾಲವನ್ನು ತಿದ್ದುವವು. ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು 1998ರಲ್ಲಿ ಸೂಪರ್‌ನೋವಾಗಳಿಂದ ಗೊತ್ತಾಯಿತು. ಕಾರಣ ಡಾರ್ಕ್ ಎನರ್ಜಿ ಎಂದು ಹೆಸರಿಟ್ಟೆವು. 2000ದಲ್ಲಿ ದ್ವಾಲಿ, ಗ್ರಿಗರಿ ಗಬದಾದ್ಜೆ, ಮಾಸ್ಸಿಮೊ ಪೊರಾಟಿ ಕಟ್ಟಿದ ಮಾದರಿಯಲ್ಲಿ ಐದನೇ ಆಯಾಮ ಚಪ್ಪಟೆ, ಕೊನೆಯಿಲ್ಲದ್ದು. ಗುರುತ್ವ ಹತ್ತಿರದಲ್ಲಿ ಮಾಮೂಲಿಯಾಗಿದ್ದು, ಸುಮಾರು 1000 ಕೋಟಿ ಜ್ಯೋತಿರ್ವರ್ಷ ಮೀರಿದ ದೂರದಲ್ಲಿ ಮಾತ್ರ ಬಲ್ಕ್‌ಗೆ ಸೋರುತ್ತದೆ. ಇದರಲ್ಲಿ ಡಾರ್ಕ್ ಎನರ್ಜಿ ಇಲ್ಲದೆಯೇ ಹಿಗ್ಗುವಿಕೆಗೆ ತಾನಾಗಿ ವೇಗ ಬರುತ್ತದೆ ಎಂದು ಡೆಫಾಯೆ ತೋರಿಸಿದರು. ಆಸೆ ಹುಟ್ಟಿಸುವ ಮಾತು, ಅಲ್ವಾ? ಉಳಿಯಲಿಲ್ಲ. ಆ ವೇಗದ ಪರಿಹಾರದೊಳಗೆ ಋಣಶಕ್ತಿಯ ಭೂತಕ್ಷೇತ್ರ ಎಂಬ ರೋಗ ಇದೆ, ಅದು ಮಾದರಿಯನ್ನು ಅಸ್ಥಿರ ಮಾಡುತ್ತದೆ. ಅದು ಸಾಲದು ಎಂಬಂತೆ ಸೂಪರ್‌ನೋವಾ, ಗೆಲಾಕ್ಸಿಗಳ ಹಂಚಿಕೆ, ಹಿನ್ನೆಲೆ ವಿಕಿರಣ ಮೂರರ ಅಳತೆಗಳೂ ಅದಕ್ಕೆ ಎದುರಾಗಿ ನಿಂತವು.

2017ರ ಆಗಸ್ಟ್ 17ರ ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯನ್ನೂ ಇಲ್ಲಿ ಹೇಳಬೇಕು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಿಂದ ಗುರುತ್ವ ಅಲೆ (ಜಾಗವನ್ನೇ ಅಲುಗಿಸುತ್ತಾ ಸಾಗುವ ಅಲೆ) ಬಂತು, 1.7 ಸೆಕೆಂಡ್ ಬಿಟ್ಟು ಗಾಮಾ ಕಿರಣ ಬಂತು. ಗುರುತ್ವ ಬಲ್ಕ್‌ಗೆ ಸೋರಿದ್ದರೆ ಅಲೆ ಮಂಕಾಗಿ, ಡಿಕ್ಕಿ ಇನ್ನೂ ದೂರದಲ್ಲಿ ನಡೆದಂತೆ ತೋರಬೇಕಿತ್ತು. ಬಲ್ಕ್ ಮೂಲಕ ಅಡ್ಡದಾರಿ ಹಿಡಿದಿದ್ದರೆ ಬಹಳ ಮುಂಚೆ ಬರಬಹುದಿತ್ತು. ಎರಡೂ ಆಗಲಿಲ್ಲ. ಗುರುತ್ವ ಅಲೆಯ ಪಾಲಿಗೂ ಕಾಲ ಸೇರಿ ಆಯಾಮ ನಾಲ್ಕೇ ಎಂದು 2018ರಲ್ಲಿ ಲೆಕ್ಕ ಬಂತು. ಆದರೆ ಇದರಿಂದ ಎಲ್ಲ ಬ್ರೇನ್ ಮಾದರಿಗಳೂ ಸತ್ತವು ಎಂದು ಬರೆಯುವವರನ್ನು ನಂಬಬೇಡಿ. ಸೋರಿಕೆ ಶುರುವಾಗುವುದೇ 1000 ಕೋಟಿ ಜ್ಯೋತಿರ್ವರ್ಷದ ಆಚೆ ಎನ್ನುವ ಮಾದರಿಗೆ 13 ಕೋಟಿ ಬಹಳ ಹತ್ತಿರದ ದೂರ.

ಈಗ ಡಿಕ್ಕಿಯ ಕಥೆ. 2001ರಲ್ಲಿ ಜಸ್ಟಿನ್ ಖೌರಿ, ಬರ್ಟ್ ಓವ್ರುಟ್, ಪಾಲ್ ಸ್ಟೈನ್‌ಹಾರ್ಟ್, ನೀಲ್ ಟುರೊಕ್ ನಾಲ್ವರು ಇದನ್ನು ಮುಂದಿಟ್ಟರು. ಹಿಂದಿನ ನೆಲೆ ಪೆಟ್ರ್ ಹೊರಾವ ಮತ್ತು ಎಡ್ವರ್ಡ್ ವಿಟನ್ 1996ರಲ್ಲಿ ಕಟ್ಟಿದ ಹನ್ನೊಂದು ಆಯಾಮದ ಚಿತ್ರ, ಅದರ ಎರಡು ಅಂಚುಗಳೇ ಎರಡು ಬ್ರೇನ್. ಬ್ರೇನ್‌ಗಳು ನಿಧಾನವಾಗಿ ಹತ್ತಿರ ಬಂದು ಡಿಕ್ಕಿಯಾಗುತ್ತವೆ, ಚಲನೆಯ ಶಕ್ತಿ ಬಿಸಿ ವಿಕಿರಣವಾಗುತ್ತದೆ, ಅದೇ ನಮ್ಮ ಬಿಗ್ ಬ್ಯಾಂಗ್. ಎರಡೂ ಬಹುತೇಕ ಸಮಾನಾಂತರ ಇರುವುದರಿಂದ ಎಲ್ಲ ಕಡೆ ಬಹುತೇಕ ಒಟ್ಟಿಗೇ ಬಡಿಯುತ್ತವೆ, ಹಾಗಾಗಿ ವಿಶ್ವದ ಉಷ್ಣತೆ ಎಲ್ಲೆಡೆ ಒಂದೇ. ಬ್ರೇನ್ ಮೇಲಿನ ಸಣ್ಣ ಅಲುಗಾಟದಿಂದ ಇಲ್ಲಿ ಕೊಂಚ ಮುಂಚೆ, ಅಲ್ಲಿ ಕೊಂಚ ತಡ. ಹಿನ್ನೆಲೆ ವಿಕಿರಣದಲ್ಲಿ ನಾವು ಕಾಣುವ, ಲಕ್ಷದಲ್ಲಿ ಒಂದು ಪಾಲಿನ ಏರಿಳಿತ ಅದರ ಗುರುತು. 2002ರಲ್ಲಿ ಸ್ಟೈನ್‌ಹಾರ್ಟ್ ಮತ್ತು ಟುರೊಕ್ ಇದನ್ನು ಚಕ್ರವಾಗಿಸಿದರು: ಡಿಕ್ಕಿ, ಹಿಗ್ಗುವಿಕೆ, ಡಾರ್ಕ್ ಎನರ್ಜಿಯಿಂದ ಎಲ್ಲ ಖಾಲಿಯಾಗುವುದು, ಮತ್ತೆ ಡಿಕ್ಕಿ. ಒಂದು ಸುತ್ತಿಗೆ ಲಕ್ಷ ಕೋಟಿ ವರ್ಷದ ಆಸುಪಾಸು.

ಇದರ ತೊಡಕು ಡಿಕ್ಕಿಯ ಕ್ಷಣದಲ್ಲೇ ಇದೆ. ಬ್ರೇನ್‌ಗಳ ನಡುವಿನ ಆಯಾಮ ಆಗ ಸೊನ್ನೆಗೆ ಕುಗ್ಗುತ್ತದೆ. ಗೊತ್ತಿರುವ ಸಮೀಕರಣಗಳು ಅಲ್ಲಿ ಕೈಕೊಡುತ್ತವೆ. ಡಿಕ್ಕಿಗೆ ಮುಂಚಿನ ಏರಿಳಿತ ಆಮೇಲೂ ಹಾಗೇ ಉಳಿಯುತ್ತದೆ ಎಂದು ಖಚಿತವಾಗಿ ತೋರಿಸುವುದು ಬಹಳ ಕಷ್ಟವಾಯಿತು. ತಮಾಷೆ ಎಂದರೆ, ಅನ್ನಾ ಇಯಾಸ್ ಜೊತೆ ಸ್ಟೈನ್‌ಹಾರ್ಟ್ ಈಚೆಗೆ ಬರೆದ ಚಕ್ರ ಮಾದರಿಗಳಿಗೆ ಬ್ರೇನ್ ಬೇಕೇ ಬೇಕು ಎಂದಿಲ್ಲ. ಒಂದು ಕ್ಷೇತ್ರ, ಒಂದು ನಿಧಾನದ ಕುಗ್ಗುವಿಕೆ, ಒಂದು ಪುಟಿತ ಇದ್ದರೆ ಸಾಕು. ಡಿಕ್ಕಿಯ ಚಿತ್ರ ವಿಡಿಯೊಗಳಲ್ಲಿ ಉಳಿದಷ್ಟು ಸಂಶೋಧನೆಯಲ್ಲಿ ಉಳಿದಿಲ್ಲ ಎಂಬುದು ನನ್ನ ಅನಿಸಿಕೆ.

ಆದರೂ ಒಂದು ಒಳ್ಳೆಯ ಗುಣ ಅದಕ್ಕಿದೆ, ಸೋಲಲು ತಯಾರಿದೆ. ಇನ್‌ಫ್ಲೇಷನ್ ನಡೆದಿದ್ದರೆ ಆದಿಕಾಲದ ಗುರುತ್ವ ಅಲೆಗಳು ಹಿನ್ನೆಲೆ ವಿಕಿರಣದ ಧ್ರುವೀಕರಣದಲ್ಲಿ ಗುರುತು ಬಿಟ್ಟಿರಬಹುದು. ಡಿಕ್ಕಿ ಮಾದರಿಯಲ್ಲಿ ಆ ಗುರುತು ನಮಗೆ ಕಾಣದಷ್ಟು ಮಂಕು. 2014ರ ಮಾರ್ಚ್‌ನಲ್ಲಿ ದಕ್ಷಿಣ ಧ್ರುವದ ಬೈಸೆಪ್2 ತಂಡ ಗುರುತು ಸಿಕ್ಕಿತು ಎಂದಾಗ ಈ ಮಾದರಿಯ ಕಥೆ ಮುಗಿಯಿತು ಎಂದೇ ಅಂದುಕೊಂಡರು. 2015ರಲ್ಲಿ ಪ್ಲ್ಯಾಂಕ್ ಜೊತೆ ಕೂಡಿ ನೋಡಿದಾಗ ಅದನ್ನು ನಮ್ಮ ಗೆಲಾಕ್ಸಿಯ ಧೂಳಿನಿಂದ ಬೇರ್ಪಡಿಸಲು ಆಗಲಿಲ್ಲ. 2021ರ ಹೊತ್ತಿಗೆ ಸಾಂದ್ರತೆಯ ಏರಿಳಿತಕ್ಕೆ ಹೋಲಿಸಿದರೆ ಆ ಅಲೆಗಳ ಪಾಲು 0.036ಕ್ಕಿಂತ ಕಡಿಮೆ ಎಂಬಲ್ಲಿಗೆ ಅಳತೆ ಬಂದು ನಿಂತಿತು. ಚಿಲಿಯ ಸೈಮನ್ಸ್ ವೀಕ್ಷಣಾಲಯ, ಜಪಾನಿನ ಲೈಟ್‌ಬರ್ಡ್ ಉಪಗ್ರಹ ಯೋಜನೆ ಇನ್ನೂ ಕೆಳಗೆ ಹುಡುಕಲು ಹೊರಟಿವೆ. ಸಿಕ್ಕರೆ ಡಿಕ್ಕಿ ಮಾದರಿ ಹೋಯಿತು. ಸಿಗದಿದ್ದರೆ ಅದು ಗೆದ್ದಂತೇನೂ ಅಲ್ಲ, ಮಂಕು ಅಲೆಗಳ ಇನ್‌ಫ್ಲೇಷನ್ ಮಾದರಿಗಳೂ ಬೇಕಾದಷ್ಟಿವೆ.

ಈಗ ಜೀವಂತವಾಗಿರುವುದು ಯಾವುದು ಎಂದು ನೀವು ಕೇಳಿದರೆ ನಾನು 2022ರ ಡಾರ್ಕ್ ಡೈಮೆನ್ಷನ್ ಮಾದರಿಯನ್ನು ತೋರಿಸುತ್ತೇನೆ. ಮಿಗೆಲ್ ಮೊಂಟೆರೊ, ಕಮ್ರಾನ್ ವಾಫಾ, ಐರೀನ್ ವಲೆನ್ಸುವೆಲಾ ಅದನ್ನು ಬರೆದವರು. ಡಾರ್ಕ್ ಎನರ್ಜಿಯ ಸಾಂದ್ರತೆ ವಿಪರೀತ ಕಡಿಮೆ. ಅದನ್ನು ಉದ್ದದ ಅಳತೆಗೆ ತಂದರೆ ಸುಮಾರು 85 ಮೈಕ್ರೊಮೀಟರ್. ಸ್ಟ್ರಿಂಗ್ ಸಿದ್ಧಾಂತದ ಕೆಲವು ನಿರೀಕ್ಷೆಗಳನ್ನು ಸೇರಿಸಿ, ಆ ಅಳತೆಗೆ ಹೊಂದುವ ಒಂದೇ ಒಂದು ಆಯಾಮ ಮೈಕ್ರೊಮೀಟರಿನ ಆಸುಪಾಸಿನಲ್ಲಿ ಇರಬೇಕು ಎನ್ನುತ್ತಾರೆ ಅವರು. ನಾವು ಬ್ರೇನ್ ಮೇಲೆ, ಗ್ರಾವಿಟಾನ್‌ಗಳು ಆ ಆಯಾಮದಲ್ಲಿ, ಅಲ್ಲಿ ಓಡಾಡುವ ಭಾರದ ಗ್ರಾವಿಟಾನ್‌ಗಳೇ ಕಪ್ಪು ದ್ರವ್ಯ (ಸೆಳೆತದಿಂದ ಮಾತ್ರ ಗೊತ್ತಾಗುವ, ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್) ಆಗಿರಬಹುದು. ಸರಿಯೋ ತಪ್ಪೋ, ಇದಕ್ಕೆ ಒಂದು ಅಳತೆ ಇದೆ. ಸಿಯಾಟಲ್‌ನ 30 ಮೈಕ್ರೊಮೀಟರಿನಿಂದ ಅಲ್ಲಿಗೆ ದೂರ ಬಹಳ ಇಲ್ಲ.

ಕೊನೆಯದಾಗಿ, ಬಿಗ್ ಬ್ಯಾಂಗ್ ಬೀಳುತ್ತದಾ? ಇಲ್ಲ. ಒಂದು ಸೆಕೆಂಡಿನಿಂದ ಈಚಿನ ಕಥೆ, ಅಂದರೆ ಹೀಲಿಯಂ ಹುಟ್ಟಿದ್ದು, 3,80,000 ವರ್ಷಕ್ಕೆ ಬೆಳಕು ಬಿಡುಗಡೆಯಾಗಿದ್ದು, ಗೆಲಾಕ್ಸಿಗಳು ಕೂಡಿದ್ದು, ಇವೆಲ್ಲ ಅಳತೆಯ ಮೇಲೆ ನಿಂತಿವೆ. ಇದಕ್ಕೆ ಹೊಂದದ ಬ್ರೇನ್ ಮಾದರಿಯನ್ನೇ ಕೈಬಿಡುತ್ತಾರೆ, 1999ರ ಮೊದಲ ಲೆಕ್ಕಕ್ಕೆ ಆದದ್ದು ಅದೇ. ಬ್ರೇನ್ ಮಾದರಿಗಳಿಗೆ ಆಡಲು ಜಾಗ ಉಳಿದಿರುವುದು ಆ ಒಂದು ಸೆಕೆಂಡಿನ ಹಿಂದೆ, ಮತ್ತು ಡಾರ್ಕ್ ಎನರ್ಜಿ ಎಂದರೇನು ಎಂಬ ಪ್ರಶ್ನೆಯಲ್ಲಿ.